ಅಳಿಯನ ರೊಟ್ಟಿಗೆ ತುಪ್ಪ

ಸಂಕ್ರಾಂತಿ ಹತ್ತಿರ ಬಂದಿತ್ತು. ಊರಿನಲ್ಲಾದರೆ ಕಡಲೆ ಹೊಲದ ಬದುವಿನಲ್ಲಿ ಕೂತು ಸುಲಗಾಯಿ ತಿನ್ನುವ ಕಾಲ. ಇಲ್ಲಿ ಪರದೇಶದ ಯಿಶುನ್‌ನಲ್ಲಿ, ಮಗಳ ಮನೆಯಲ್ಲಿ, ಹಿಡಿದ ಮಳೆ ಬಿಟ್ಟಿರಲಿಲ್ಲ. ಕಿಟಕಿಯಾಚೆಯ ಬಿದಿರ ಗಳಕ್ಕೆ ಹೋಗಬೇಕಾದ ಬಟ್ಟೆಯೆಲ್ಲ ಕುರ್ಚಿಗಳ ಬೆನ್ನ ಮೇಲೆ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಗುರುಸಿದ್ದವ್ವ ಒಂಬತ್ತನೇ ಮಹಡಿಯ ಅಡುಗೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ಕೆಳಗಿನ ಮನೆಯವರಿಗೆ ಕೇಳುತ್ತದೆಂದು ಮಗಳು ಶ್ರೀದೇವಿ ಹಲಗೆಯ ಕೆಳಗೆ ಟವೆಲ್ ಹಾಸಿಕೊಟ್ಟಿದ್ದಳು. ಟವೆಲಿನ ಮೇಲೆ ರೊಟ್ಟಿ ಬಡಿಯುವುದೆಂದರೆ ಹಾಸಿಗೆಯ ಮೇಲೆ ಕುಂಟೆ ಹೊಡೆದ ಹಾಗೆ ಎಂದು ಗುರುಸಿದ್ದವ್ವ ಎರಡು ತಿಂಗಳ ಹಿಂದೆ ಬಂದ ವಾರವೇ ಅಂದಿದ್ದಳು.

ಅದಕ್ಕಿಂತ ಹೆಚ್ಚಿನ ತಾತ್ಸಾರ ಅಳಿಯ ಮಹೇಶಕುಮಾರನ ಊಟದ ಮೇಲೆ. ಉಗುರಿನಷ್ಟು ತುಂಡು ಮುರಿಯುವುದು, ಸಾರಿನಲ್ಲಿ ನೆನೆಸುವುದು, ಅಗಿಯುವುದು, ಗುಟುಕು ನೀರು ಕುಡಿಯುವುದು, ಆಮೇಲೆ ಅದು ಇಳಿಯಿತೋ ಇಲ್ಲವೋ ಎಂದು ಎದೆ ಮುಟ್ಟಿ ನೋಡಿಕೊಳ್ಳುವುದು. ದೀಪಾವಳಿಯಲ್ಲಿ ಚಪಾತಿಯ ತುಂಡೊಂದು ಎದೆಯಲ್ಲಿ ಸಿಕ್ಕಿಕೊಂಡು, ಉಗುಳೂ ಇಳಿಯದೆ, ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ತೆಗೆಸಿಕೊಂಡು ಬಂದಿದ್ದ. ಅನ್ನನಾಳದಲ್ಲಿ ಅಲರ್ಜಿಯ ಬಾವು, ಪೂರ್ತಿ ಹೋಗುವಂಥದ್ದಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಂಡು ಬಾಳಬೇಕು, ಯಾವ ತಿನಿಸು ಆಗಿಬರುವುದಿಲ್ಲ ಎಂದು ಮೊದಲು ತಿಳಿಯಬೇಕು ಎಂದರಂತೆ. ಅದಕ್ಕೇ ಎರಡು ತಿಂಗಳು ಹಾಲಿನದೇನೂ ಕೂಡದು.

"ಮೈಮ್ಯಾಲ ದದ್ದು ಏಳತಾವಲ್ಲವ್ವಾ, ಹಂಗ ಒಳಗ," ಎಂದು ಶ್ರೀದೇವಿ ಬಿಡಿಸಿ ಹೇಳಿದ್ದಳು.

"ನುಂಗಲಾರದವ ರೊಟ್ಟಿ ಬಿರುಸು ಅಂದನಂತ," ಎಂದಿದ್ದಳು ಗುರುಸಿದ್ದವ್ವ.

ಈಗ ಬಾಗಿಲು ತೆರೆಯಿತು. ಮಹೇಶಕುಮಾರ ಆಸ್ಪತ್ರೆಯಿಂದ ಬಂದವನು ಒದ್ದೆ ಕೊಡೆಯನ್ನು ಹೊರಗೇ ಬಿಟ್ಟು, ಒಳಗೆ ಬಂದು ಸೋಫಾದ ತುದಿಗೆ ಕೂತ.

"ಏನಂದ್ರು?" ಶ್ರೀದೇವಿ ಕೇಳಿದಳು.

"ಬಾವು ಇಳಿದಿಲ್ಲ. ಇದ್ದಂಗನ ಐತಿ. ಹಾಲು ಬಿಟ್ಟು ಉಪಯೋಗ ಆಗಿಲ್ಲ, ಇನ್ನ ಗೋಧಿ, ಸೋಯಾ, ಶೇಂಗಾ ಎಲ್ಲಾ ಬಿಡ್ರಿ, ಮತ್ತ ಎರಡು ತಿಂಗಳಿಗೆ ಕೊಳವಿ ಇಳಿಸಿ ಸ್ಕೋಪ್ ಮಾಡೂಣು ಅಂದ್ರು. ಅನ್ನನಾಳ ಸಣ್ಣ ಆಗಾಕತ್ತೈತಂತ. ಹಿಂಗ ಬಿಟ್ರ ಬಲೂನ್ ಹಾಕಿ ಹಿಗ್ಗಿಸಬೇಕಾಗ್ತೈತಿ."

"ಶೇಂಗಾನೂ?" ಎಂದಳು ಶ್ರೀದೇವಿ. ಶೇಂಗಾ ಚಟ್ನಿಯೂ ಇಲ್ಲವೆಂದರೆ ಆ ಮನೆಯಲ್ಲಿ ರೊಟ್ಟಿಗೆ ಇನ್ನೇನು ಉಳಿಯಿತು?

ಗುರುಸಿದ್ದವ್ವನಿಗೆ ಒಳಗೊಳಗೇ ಹಿಗ್ಗು. ಸೆರಗು ತಲೆಯ ಮೇಲೆ ಎಳೆದುಕೊಂಡು, ಅಳಿಯನಿಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳಿದಳು. "ಕೇಳು ಅವರಿಗೆ. ಹಾಲಿಂದ ಏನೂ ಆಗೂದಿಲ್ಲ ಅನ್ನೂದು ಈಗರೆ ತಿಳೀತೇನಂತ."

"ಸುಮ್ನಿರವ್ವಾ."

"ಯಾಕ ಸುಮ್ನಿರಲಿ? ನಾ ಬಂದ ಮರುದಿನದಿಂದ ಅವರ ರೊಟ್ಟಿ ಹಿಟ್ಟಿನಾಗ ತುಪ್ಪ ಹಾಕಿ ನಾದೇನಿ. ಪಲ್ಯೆದ ಒಗ್ಗರಣಿಗೂ ತುಪ್ಪನ. ಅಳಿಯನ ತಾಟಿಗೆ ತುಪ್ಪಿಲ್ದ ಬಡಿಸಿ ಬಂದ್ಲು ಅಂತ ನಾಕು ಮಂದಿ ನನ್ನ ಮಾರಿಗೆ ಉಗಳಬೇಕೇನು? ದಿನಾ ತಿಂದಾರ. ಏನಾತು? ಆ ಡಾಕ್ಟರಗ ಗೊತ್ತರೆ ಆತೇನು?"

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

"ಹಾಲಿಂದು ಯಾವುದೂ ಬ್ಯಾಡ ಅಂದಿದ್ನಿಲ್ಲೇನು ನಿನಗ?" ಶ್ರೀದೇವಿಯ ದನಿ ಸಣ್ಣಗಿತ್ತು.

"ಹಾಲು ಹಾಕಿಲ್ಲ. ಮಸರೂ ಹಾಕಿಲ್ಲ. ತುಪ್ಪ ಬೆಂಕಿಮ್ಯಾಲ ಕಾದಿರತೈತಿ. ಅದರಾಗ ಹಾಲು ಎಲ್ಲಿ ಉಳೀತು?"

"ತಳದ ಗಸಿ ಸುದ್ದಾ ಕೆರದು ಹಾಕಿರತಿ."

"ಗಸಿಯೊಳಗನ ರುಚಿ ಇರೂದು."

ಶ್ರೀದೇವಿ ನಕ್ಕಳು. ಆ ನಗೆ ಗುರುಸಿದ್ದವ್ವನಿಗೆ ಸೇರಲಿಲ್ಲ. "ಗಸಿ ಅಂದ್ರ ಹಾಲಿನ ಸತ್ವನ ಅವ್ವಾ. ಎರಡು ತಿಂಗಳು ಇವರು ಕರಿ ಚಾ ಕುಡದ್ರು. ಆಫೀಸಿನಾಗ ಕೇಕು ಬ್ಯಾಡ ಅಂದು ನಗಿಸಿಕೊಂಡ್ರು. ಇನ್ನೊಮ್ಮೆ ಬಾಯಾಗ ಕೊಳವಿ ಇಳಿಸಿಕೊಂಡ್ರು. ಎಲ್ಲಾ ನಿನ್ನ ನಾಕು ಮಂದಿ ಸಲುವಾಗಿ ನೀರಾಗ ಹಾಕಿದಿ. ಬಾಳ ಚೊಲೊ ಮರ್ಯಾದಿ ಉಳಿಸಿಕೊಂಡಿ."

ಮಹೇಶಕುಮಾರ ಬಾಲ್ಕನಿಯಂಥ ಒಂದು ಸಣ್ಣ ಜಾಗಕ್ಕೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದ. ಇಂಗ್ಲಿಷಾದರೂ ಅದರ ಅರ್ಥ ಗುರುಸಿದ್ದವ್ವನಿಗೆ ಹತ್ತಿತು. ಮನೆಯಲ್ಲಿ ತಪ್ಪಾಗಿದೆ, ಹಾಲು ಬಿಟ್ಟೇ ಇರಲಿಲ್ಲ, ಮೊದಲಿಂದ ಹಾಲೊಂದನ್ನೇ ಬಿಟ್ಟು ನೋಡೋಣ. ತನ್ನ ಹೆಸರು ಬಂದೀತೆಂದು ಅವಳು ಕಿವಿಗೊಟ್ಟು ನಿಂತಳು. ಬರಲಿಲ್ಲ. ಬಂದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು.

ಅವನು ಒಳಗೆ ಬಂದು ಮೇಜಿಗೆ ಕೂತ. "ಅತ್ತೀ, ಏನೂ ಹಾಕದ ಒಂದು ರೊಟ್ಟಿ ಬಡೀರಿ," ಎಂದು, ಸ್ವಲ್ಪ ತಡೆದು, "ಕೈ ತೊಳಕೊಂಡು," ಎಂದ.

ಹತ್ತೂರ ಮದುವೆಗಳಲ್ಲಿ ರೊಟ್ಟಿ ಬಡಿದ ಕೈ ಅದು. ಗುರುಸಿದ್ದವ್ವ ಆ ಕೈ ತೊಳೆದಳು, ಹಲಗೆ ತೊಳೆದಳು, ಹಂಚು ತಿಕ್ಕಿದಳು. ಹೊಸ ಹಿಟ್ಟಿಗೆ ಬರೀ ಬಿಸಿನೀರು ಹಾಕಿ ನಾದಿದಳು. ಅಂಚು ಬಿರಿಯಿತು. ಹಾಗೇ ಬೇಯಿಸಿ ಅಳಿಯನ ತಾಟಿಗೆ ಹಾಕಿದಳು.

ಅವನು ಉಣ್ಣತೊಡಗಿದ. ಶ್ರೀದೇವಿಯೂ ತಾಟು ಎಳೆದುಕೊಂಡಳು. "ನೀನೂ ಉಣ್ಣವ್ವಾ, ಹೊತ್ತಾತು."

"ಅಳಿಯಾರು ಏಳಲಿ. ಅವರಕಿಂತ ಮೊದಲ ನಾ ಹೆಂಗ ಉಣ್ಣಲಿ?"

"ಹಂಗಾದ್ರ ಕೂಡು," ಎಂದಳು ಶ್ರೀದೇವಿ. "ಎರಡು ತಿಂಗಳದ್ದು ಬಾಕಿ ಐತಿ."

ಗುರುಸಿದ್ದವ್ವ ಗೋಡೆಗೆ ಒರಗಿ ಕೂತಳು. ಹಸಿವಿಗೆ ಕಣ್ಣು ಮಂಜಾಗುತ್ತಿತ್ತು. ಅಳಿಯನ ತಾಟಿನಲ್ಲಿ ಅಂಗೈಯಗಲ ರೊಟ್ಟಿ ಉಳಿದಾಗ ಅವಳು ಎದ್ದು ತನ್ನ ತಾಟು ತೊಳೆದುಕೊಂಡಳು.

ಮಹೇಶಕುಮಾರ ಬಾಯಿಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿ, ತಲೆಯೆತ್ತದೆ, "ಇನ್ನೊಂದು ಹಾಕ್ರಿ ಅತ್ತೀ," ಎಂದ.