ಸಕ್ಕರೆ ಜಾಡಿ

"ಕೊಡಲ್ಲ ಅಂದ್ರೆ ಕೊಡಲ್ಲ." ಮೀನು ಸಾಕುವ ಮುದುಕ ಬಸಾನ್ ಮೀನುಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ. "ಮೂವತ್ತೊಂದು ವರ್ಷದಿಂದ ಮರಿ ಸಾಕಿ ಸಾಕಿ ನಿಮ್ಮ ಕೈಗೆ ಕೊಟ್ಟಿದೀನಿ. ಎಲ್ರೂ 'ಒಂದು ಫೋಟೋ ಅಷ್ಟೇ ತಾತಾ' ಅಂತಾರೆ. ಒಂದಾದ್ರೂ ವಾಪಸ್ ಬಂದಿದ್ಯಾ?"

ರೊಸಾರಿಯೋ ನಗರದ ಆ ಪ್ರಯೋಗಾಲಯದಿಂದ ಒಂದೂ ವಾಪಸ್ ಬಂದಿರಲಿಲ್ಲ. ಅಲ್ಲಿ ಮೀನಿನ ಒಳಗೆ ನೋಡಬೇಕೆಂದರೆ ಮೊದಲು ಅದನ್ನು ಕೊಲ್ಲುತ್ತಿದ್ದರು. ಪಿಎಚ್‌ಡಿ ಮಾಡುತ್ತಿದ್ದ ಯಮಿಲಾಳಿಗೆ ಬೇಕಾಗಿದ್ದದ್ದು ಬದುಕಿರುವ ಮೀನು. ಒಂದೇ ಮರಿಯ ಚಿತ್ರವನ್ನು ಮೂರು ದಿನ ತೆಗೆಯಲಾಗದಿದ್ದರೆ ಅವಳ ನಾಲ್ಕು ವರ್ಷದ ದುಡಿಮೆ ನೀರುಪಾಲು.

"ನನ್ನದು ಬರತ್ತೆ," ಎಂದಳು.

"ಏನು ಮಾಡ್ತೀಯ ಅದಕ್ಕೆ?"

"ಸಕ್ಕರೆ ತಿನ್ನಿಸ್ತೀನಿ. ಬಣ್ಣ ಹಿಡಿಯೋ ಸಕ್ಕರೆ."

ಬಸಾನ್ ಗಹಗಹಿಸಿ ನಕ್ಕ. "ನಂಗೆ ಡಾಕ್ಟರು ಚಿಟಿಕೆ ಸಕ್ಕರೆ ಮುಟ್ಟೋಕೆ ಬಿಡಲ್ಲ, ನನ್ನ ಮೀನಿಗೆ ಔತಣವಾ! ಅಲ್ವೇ, ಸಕ್ಕರೆ ಮೈಗೆಲ್ಲ ಹರಡ್ಕೊಳಲ್ವಾ? ಇಡೀ ಮೀನು ಕಾರ್ನಿವಲ್ ಥರ ಜಗಮಗ ಅನ್ನತ್ತೆ. ಅದ್ರಲ್ಲಿ ನಿಂಗೆ ಬೇಕಾದ್ದು ಎಲ್ಲಿ ಹುಡುಕ್ತೀಯ?"

"ಅದಕ್ಕೇ ಹೃದಯದ ಒಂದೇ ಒಂದು ಪ್ರೋಟೀನಿಗೆ ಇನ್ನೊಂದು ಬಣ್ಣ ಅಂಟಿಸ್ತೀನಿ. ಆ ಪ್ರೋಟೀನಿನ ಮೇಲೆ ಸಕ್ಕರೆ ಕೂತು ಎರಡು ಬಣ್ಣವೂ ಮೈಗೆ ಮೈ ತಾಗಿಸಿದ್ರೆ ಮಾತ್ರ ಕೆಂಪು ಬೆಳಕು. ಬೇರೆ ಕಡೆಯೆಲ್ಲ ಕತ್ತಲು."

"ಸತ್ರೆ?"

"ಸತ್ರೆ ಇನ್ನೊಂದು ಮರಿ ಕೇಳಲ್ಲ. ಗಂಟುಮೂಟೆ ಕಟ್ತೀನಿ."

ಅವಳ ಧೈರ್ಯಕ್ಕೋ ಹಟಕ್ಕೋ, ಮುದುಕ ದಾರಿ ಬಿಟ್ಟ. ಗಾಜಿನಂತೆ ಒಳಗೆಲ್ಲ ಕಾಣುವ, ಅಕ್ಕಿಕಾಳಿನಷ್ಟೂ ಇಲ್ಲದ ಐದು ದಿನದ ಮರಿಯೊಂದನ್ನು ತಾನೇ ಆರಿಸಿ ಕೊಟ್ಟ.

ನಾಲ್ಕನೆಯ ದಿನ ಬೆಳಗ್ಗೆ ಅವನು ಮೀನುಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಸೋರೆಬುರುಡೆಯಿಂದ ಮಾಟೆ ಎಂಬ ಕಹಿ ಎಲೆಚಹಾ ಹೀರುತ್ತಿದ್ದ. ಯಮಿಲಾ ಗಾಜಿನ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು.

"ಮೂರೂ ದಿನ ಹೃದಯದಲ್ಲಿ ಮಾತ್ರ ಕೆಂಪು ತಾತಾ, ಬೇರೆಲ್ಲೂ ಇಲ್ಲ. ತಗೋ, ನಿನ್ನ ಮೀನು."

ಬಸಾನ್ ತಟ್ಟೆಯನ್ನು ಬೆಳಗಿನ ಬಿಸಿಲಿಗೆ ಹಿಡಿದ. ಮರಿ ಬಾಲ ಕೊಡವಿ ತಿರುಗಿತು. ಅವನ ಕಣ್ಣು ತುಂಬಿ ಬಂತು, ಮರೆಮಾಚಲೂ ಹೋಗಲಿಲ್ಲ. ಆಮೇಲೆ ಪೇಚಿಗೆ ಬಿದ್ದ. ಕೋಣೆಯಲ್ಲಿ ಮುನ್ನೂರು ತೊಟ್ಟಿಗಳಿದ್ದವು, ಎಲ್ಲವೂ ಹೋಗುವ ಮೀನುಗಳಿಗೆ. ವಾಪಸ್ ಬಂದ ಮೀನಿಗೆ ಅಂತ ಒಂದೂ ಇರಲಿಲ್ಲ.

ಡಾಕ್ಟರು ಸಕ್ಕರೆ ಬಿಡಿಸಿದಂದಿನಿಂದ ಕೋಣೆಯ ಕಿಟಕಿಯಲ್ಲಿ ಗಾಜಿನ ಜಾಡಿಯೊಂದು ಖಾಲಿ ಕೂತಿತ್ತು. ಅದನ್ನು ಥರ್ಮಾಸಿನ ಬಿಸಿನೀರಲ್ಲಿ ಮೂರು ಸಲ ತೊಳೆದ, ಆರುವ ತನಕ ಕಾದ, ತೊಟ್ಟಿಯ ನೀರು ತುಂಬಿ ಮರಿಯನ್ನು ಬಿಟ್ಟ. ಜಾಡಿಗೆ ಅವನದೇ ಸೊಟ್ಟ ಅಕ್ಷರದ ಚೀಟಿ ಇನ್ನೂ ಅಂಟಿಕೊಂಡಿತ್ತು: 'ಸಕ್ಕರೆ'.

"ಚೀಟಿ ಕಿತ್ತು ಹಾಕ್ಲಾ?" ಎಂದಳು ಯಮಿಲಾ.

"ಇರ್ಲಿ ಬಿಡು," ಎಂದ ಬಸಾನ್. "ಸುಳ್ಳೇನಲ್ವಲ್ಲ."