ಎಡಕ್ಕೆ ಹೊಸೆದ ತಂತಿ

ರಾತ್ರಿ ಬೈಕಿನ ಎಂಜಿನ್ನಿನಿಂದ ತೊಟ್ಟಿಕ್ಕಿದ್ದ ಎಣ್ಣೆಯನ್ನು ಅವಳು ಹಳೆ ಬನಿಯನ್ನಿನ ಚೂರಿನಿಂದ ಒರೆಸುತ್ತಿದ್ದಳು. ಸದ್ದು ಮಾಡದೆ. ಪಕ್ಕದಲ್ಲೇ ಚಾಪೆಯ ಮೇಲೆ ಚಿಕ್ಕಣ್ಣ ಇನ್ನೂ ಮಲಗಿದ್ದ. ರೇಸಿನ ಬಯಲಲ್ಲಿ ಹಾಕಿದ ಡೇರೆಯೊಳಗೆ ರಾತ್ರಿಯೆಲ್ಲ ಅವನೊಬ್ಬನೇ ಗಾಡಿಗೆ ಕಾವಲಿದ್ದ. ಅವಳೂ ಅತ್ತಿಗೆಯೂ ಹೊರಗೆ ವ್ಯಾನಿನಲ್ಲಿ ಮಲಗಿದ್ದರು. ಬಟ್ಟೆ ಹಿಂಡಲೆಂದು ತಲೆ ಎತ್ತಿದವಳ ಕಣ್ಣು ಎಂಜಿನ್ನಿನ ಬೋಲ್ಟುಗಳ ಮೇಲೆ ಬಿತ್ತು. ಕೈ ಅಲ್ಲೇ ನಿಂತಿತು.

ಹಳೆಯ ರೇಸ್ ಗಾಡಿ ಓಡುವಾಗ ಅದುರಿ ಅದುರಿ ಬೋಲ್ಟು ಸಡಿಲವಾಗುತ್ತದೆ. ಅದಕ್ಕೇ ಬೋಲ್ಟಿನ ತಲೆಯಲ್ಲಿ ಸಣ್ಣ ತೂತು ಕೊರೆದು, ಉಕ್ಕಿನ ತೆಳು ತಂತಿ ಪೋಣಿಸಿ, ಇಕ್ಕಳದಿಂದ ಹೊಸೆದು ಬಿಗಿಯುತ್ತಾರೆ. ತಂತಿ ಕಟ್ಟದ ಗಾಡಿಯನ್ನು ರೇಸಿಗೆ ಬಿಡುವುದಿಲ್ಲ. ನಿನ್ನೆ ಬೆಳಕು ಹೋಯಿತೆಂದು ಅವಳು ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಈಗ ನೋಡಿದರೆ ಉಳಿದರ್ಧವೂ ಮುಗಿದಿತ್ತು. ಅವಳು ಹೊಸೆದದ್ದು ಎಲ್ಲರಂತೆ ಬಲಕ್ಕೆ. ಉಳಿದವೆಲ್ಲ ಎಡಕ್ಕೆ ಸುತ್ತಿಕೊಂಡಿದ್ದವು.

ಹಾಗೆ ಹೊಸೆಯುತ್ತಿದ್ದವನು ಒಬ್ಬನೇ, ಎಡಚನಾಗಿದ್ದ ದೊಡ್ಡಣ್ಣ. ಇದೇ ಗಾಡಿಯ ಮೇಲೆ, ಇದೇ ಬಯಲಿನ ಕೊನೆಯ ತಿರುವಿನಲ್ಲಿ ಹೋಗಿಬಿಟ್ಟವನು. ನಜ್ಜುಗುಜ್ಜಾಗಿ ಮನೆಗೆ ಬಂದದ್ದನ್ನು ಎರಡು ವರ್ಷ ಕೂತು ಚಿಕ್ಕಣ್ಣ ಮತ್ತೆ ಗಾಡಿ ಮಾಡಿದ್ದ. ಇವತ್ತು ಅವನೇ ಅದನ್ನು ಓಡಿಸುವವನು.

“ಚಿಕ್ಕಣ್ಣ, ಏಳು. ಈ ತಂತಿ ನೀನು ಕಟ್ಟಿದ್ಯಾ?”

ಅವನು ಕಣ್ಣುಜ್ಜಿಕೊಂಡು ಬಗ್ಗಿ ನೋಡಿದ. “ನಾನಾ? ತಂತಿ ಹೊಸೆಯೋಕೆ ಕೂತ್ರೆ ನನಗೆ ಕೋಪ ಬರುತ್ತೆ ಅಂತ ಗೊತ್ತಿಲ್ವಾ? ನೀನೇ ಕಟ್ಟಿ ಮರೆತಿದ್ದೀಯ, ಮೌನಗೌರಿ. ಬಾಯಿ ಜೊತೆ ಬುದ್ಧಿಗೂ ಬೀಗ ಹಾಕ್ಕೊಂಡಿದ್ದೀಯೇನೆ?”

“ತಮಾಷೆ ಬೇಡ. ಹೇಗೆ ಹೊಸೆದಿದೆ ನೋಡು, ಎಡಕ್ಕೆ.”

ಅಷ್ಟರಲ್ಲಿ ಅತ್ತಿಗೆ ಟೀ ಫ್ಲಾಸ್ಕ್ ಹಿಡಿದು ಡೇರೆಯೊಳಗೆ ಬಂದಳು. ಮಾತು ಕಿವಿಗೆ ಬಿದ್ದಿತ್ತು. ಫ್ಲಾಸ್ಕ್ ಕೆಳಗಿಟ್ಟು, ಗಾಡಿಯ ಮುಂದೆ ಮಂಡಿಯೂರಿ, ತಂತಿಯ ಮೇಲೆ ಬೆರಳಾಡಿಸಿದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ. ಗಂಡ ಇಲ್ಲೇ ಎಲ್ಲೋ ಸಾಮಾನು ತರಲು ಹೋಗಿದ್ದಾನೆ ಎನ್ನುವಂಥ ನೆಮ್ಮದಿಯಿತ್ತು.

“ಅವರದೇ ಕೈ,” ಎಂದಳು. “ಕೆಲಸ ಅರ್ಧಕ್ಕೆ ನಿಂತ್ರೆ ಅವರಿಗೆ ನಿದ್ದೇನೇ ಬರ್ತಿರ್ಲಿಲ್ಲ.”

“ಅತ್ತಿಗೆ, ಇನ್ನು ನೀವೊಬ್ರು ಶುರು ಮಾಡ್ಬೇಡಿ,” ಎಂದು ಚಿಕ್ಕಣ್ಣ ನಕ್ಕ. “ಟೀ ಕೊಡಿ ಮೊದಲು.”

ಅವನು ಲೋಟ ಹಿಡಿದಾಗ ತಂಗಿ ನೋಡಿದಳು. ಎಡಗೈಯ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು. ಶಾಲೆ ಬಿಟ್ಟು ದೊಡ್ಡಣ್ಣನ ಹತ್ತಿರ ಈ ಕೆಲಸಕ್ಕೆ ಕೂತ ಹೊಸತರಲ್ಲಿ ಅವಳ ಬೆರಳೂ ಹೀಗೇ ಆಗಿದ್ದವು. ಕತ್ತರಿಸಿದ ತಂತಿಯ ತುದಿ ಹೊಸ ಕೈಯನ್ನು ಸುಮ್ಮನೆ ಬಿಡುವುದಿಲ್ಲ.

“ಬೆರಳಿಗೇನಾಯ್ತು?”

“ಏನೋ ಚುಚ್ಚಿರ್ಬೇಕು. ಏಳುವಾಗಲೇ ಉರೀತಿತ್ತು.”

“ರಾತ್ರಿ ಎದ್ದಿದ್ಯಾ?”

“ಕೊರಡು ಬಿದ್ದ ಹಾಗೆ ಮಲಗಿದ್ದೆ ಕಣೆ. ಕನಸೂ ಬೀಳಲಿಲ್ಲ.”

ಎಡಗೈಯಲ್ಲಿ ನೆಟ್ಟಗೆ ಒಂದು ಅಕ್ಷರ ಬರೆಯಲಾರದವನು ಚಿಕ್ಕಣ್ಣ. ಅವಳು ಅವನ ಕೈಯ ಲೋಟ ತೆಗೆದಿಟ್ಟಳು. “ಇವತ್ತು ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಗಾಡಿ ತಗೊಂಡು ಮನೆಗೆ ಹೋಗೋಣ.”

“ಆ ತಿರುವನ್ನ ಒಂದೇ ಒಂದ್ಸಲ ದಾಟ್ಬೇಕು. ಅಷ್ಟು ಆದ್ರೆ ಆಮೇಲೆ ಇದನ್ನ ಮೂಲೆಗೆ ಹಾಕ್ತೀನಿ.”

ಅವಳು ಕಟರ್ ಎತ್ತಿಕೊಂಡು ತಂತಿಯ ಹತ್ತಿರ ಒಯ್ದಳು. ಕಟ್ಟಿದ್ದನ್ನೆಲ್ಲ ಕತ್ತರಿಸಿ ಹಾಕಿದರೆ ಗಾಡಿ ಇಲ್ಲೇ ನಿಲ್ಲುತ್ತದೆ, ಅಣ್ಣ ಬೈದರೆ ಬೈಯಲಿ. ಆದರೆ ಡೇರೆಯ ಪರದೆ ಸರಿಯಿತು. ತಪಾಸಣೆಯವನು ಬಂದು ಅವಳನ್ನು ಪಕ್ಕಕ್ಕೆ ಸರಿಸಿ ಕೂತ. ಒಂದೊಂದೇ ತಂತಿ ಎಳೆದು ನೋಡಿದ. ಗಾಡಿಯ ಮೇಲೆ ಹಳದಿ ಬಣ್ಣದ ಗುರುತು ಹಾಕಿದ.

“ಚೊಕ್ಕ ಕೆಲಸ. ಯಾರ ಕೈ ಇದು?”

“ನಮ್ಮ ಯಜಮಾನರದ್ದು,” ಎಂದಳು ಅತ್ತಿಗೆ.

“ಹೌದಾ? ನನ್ನ ಮೆಚ್ಚುಗೆ ತಿಳಿಸಿಬಿಡಿ ಅವರಿಗೆ,” ಎಂದು ಅವನು ಪಕ್ಕದ ಡೇರೆಗೆ ನಡೆದ.

ಗಾಡಿಗೆ ಕಿಕ್ಕರ್ ಇಲ್ಲ. ಹಿಂದಿನಿಂದ ತಳ್ಳಿಯೇ ಎಬ್ಬಿಸಬೇಕು. ಆರಂಭದ ಗೆರೆಯ ಮೇಲೆ ಚಿಕ್ಕಣ್ಣ ಚರ್ಮದ ಜಾಕೆಟ್ ತೊಟ್ಟು, ಹೆಲ್ಮೆಟ್ಟಿನ ಕಪ್ಪು ಗಾಜು ಇಳಿಸಿ ಕೂತ. ಆಗ ಅತ್ತಿಗೆ ಮುಂದೆ ಬಂದಳು. ಇಷ್ಟು ವರ್ಷ ಮೈದುನನಿಗೆ ಲೋಟ ಕೊಡುವಾಗಲೂ ಬೆರಳು ತಾಗದಂತೆ ಕೊಡುತ್ತಿದ್ದವಳು ಅವನ ಗಲ್ಲದ ಕೆಳಗಿನ ಪಟ್ಟಿಯನ್ನು ತಾನೇ ಬಿಗಿದಳು. ಗಾಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ನಾಚಿಕೆಗೆ ಹಿಂದೆ ಸರಿಯಬೇಕಾಗಿದ್ದವನು ಸರಿಯಲಿಲ್ಲ. ದಿನವೂ ರೂಢಿಯಿದ್ದವನ ಹಾಗೆ ಗಲ್ಲವನ್ನು ಇನ್ನಷ್ಟು ಮೇಲೆತ್ತಿದ.

ಬಾವುಟ ಹಿಡಿದವನು ಕೈ ಎತ್ತಿದ. ಅತ್ತಿಗೆ ಆಗಲೇ ಸೀಟಿನ ಹಿಂದೆ ತಳ್ಳಲು ನಿಂತಿದ್ದಳು. ತಂಗಿಯೂ ಬಂದು ಸೀಟಿಗೆ ಎರಡೂ ಕೈ ಕೊಟ್ಟಳು. ನಿಂತಳು. ಕೈ ತೆಗೆದು ಮುಂದೆ ಹೋಗಿ, ಹೆಲ್ಮೆಟ್ಟಿಗೆ ಬಾಯಿ ತಾಗುವಷ್ಟು ಹತ್ತಿರ ಬಗ್ಗಿದಳು.

“ದೊಡ್ಡಣ್ಣ,” ಎಂದಳು, “ರೇಸ್ ಮುಗಿದ ಮೇಲೆ ಚಿಕ್ಕಣ್ಣನನ್ನ ನಮಗೆ ವಾಪಸ್ ಕೊಟ್ಬಿಡು.”

ಕಪ್ಪು ಗಾಜು ಮುಂದಕ್ಕೇ ನೋಡುತ್ತಿತ್ತು.