ಐದು ಬೆರಳಿನ ಕೆಂಪು

ಡೆಲ್ಬರ್ಟ್ ಬಂದೂಕಿನಂಗಡಿಯ ಗಾಜಿನ ಕೌಂಟರ್ ಮೇಲೆ ತನ್ನ ಎಡಗೈ ಚಾಚಿ ಇಟ್ಟ. ಐದು ಉಗುರಿಗೂ ನೇಲ್ ಪಾಲಿಶ್, ಐದೂ ಬೇರೆ ಬೇರೆ ಕೆಂಪು. ಜಿಂಕೆ ಬೇಟೆಗೆ ತೋಟಾ ಕೊಳ್ಳಲು ಬಂದಿದ್ದ ಇಬ್ಬರು ಆ ಕೈ ನೋಡಿದರು, ಎಪ್ಪತ್ತೆರಡು ವರ್ಷದ ಆ ಮುಖ ನೋಡಿದರು, ತೆಪ್ಪಗೆ ಆಚೆ ಕಪಾಟಿನ ಕಡೆ ಸರಿದರು.

"ನೋಡಿ ಹೇಳು ರಸ್, ನಿಮ್ಮಕ್ಕ ಹಚ್ಚಿಕೊಳ್ತಿದ್ದದ್ದು ಇದರಲ್ಲಿ ಯಾವುದು?"

ಅಂಗಡಿ ರಸ್‌ನದು, ಅವನು ಡೆಲ್ಬರ್ಟನ ಹೆಂಡತಿಯ ತಮ್ಮ. ಭಾವನನ್ನು ಗೋಳುಹೊಯ್ದುಕೊಳ್ಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಏನು ಭಾವ ಇದು ವೇಷ? ಎರಡನೇ ಮದುವೆಗೆ ಹೆಣ್ಣು ಸಿಗಲಿಲ್ಲ ಅಂತ ನೀನೇ ಹೆಣ್ಣಾಗೋಕೆ ಹೊರಟೆಯಾ?"

"ನಗಬೇಡ. ಪಿಸ್ತೂಲು ರಿಪೇರಿಯಾಗಿ ವಾಪಸ್ ಬಂತು."

"ಅಯ್ಯೋ, ಆ ಇಟ್ಟಿಗೆಗೆ ಇನ್ನೂ ಜೀವ ಇದೆಯಾ? ನಾನು ಅವತ್ತೇ ಹೇಳಿದ್ದೆ, ಗುಂಡು ಖಾಲಿಯಾದ್ರೆ ಎತ್ತಿ ಒಗಿ ಅಂತ. ಆ ಭಾರಕ್ಕೇ ಕಳ್ಳ ಮಲಗ್ತಾನೆ."

ಹದಿನೇಳು ವರ್ಷದಿಂದ ಇದೇ ಮಾತು. ಊರಿನ ಟೈರ್ ಕಾರ್ಖಾನೆ ಮುಚ್ಚಿ ಡೆಲ್ಬರ್ಟ್ ಮನೆಯಲ್ಲಿ ಕೂತಿದ್ದ ವರ್ಷ, ನೋರೀನ್ ಈ ಅಂಗಡಿಯಲ್ಲಿದ್ದ ಅತಿ ಅಗ್ಗದ ಪಿಸ್ತೂಲನ್ನು ಗಂಡನ ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದಳು. ನೋಡಲು ಕುರೂಪ, ಹಿಡಿಯಲು ಭಾರ. ಮೊದಮೊದಲು ಏಳನೇ ಗುಂಡು ತಪ್ಪದೆ ಸಿಕ್ಕಿಕೊಳ್ಳುತ್ತಿತ್ತು. ಡೆಲ್ಬರ್ಟ್ ಗುಂಡು ತುಂಬುವ ಮ್ಯಾಗಜಿನ್ನಿನ ಬಾಯಂಚನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸಿದ; ಆಮೇಲೆ ಅದು ಒಂದು ದಿನವೂ ಕೈಕೊಡಲಿಲ್ಲ. ಭಾನುವಾರ ಚರ್ಚಿನಿಂದ ಬಂದು ಊಟ ಮುಗಿಸಿ ಗಂಡ ಹೆಂಡತಿ ಹಿತ್ತಿಲಲ್ಲಿ ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು ಹೊಡೆಯುತ್ತಿದ್ದರು. ಅವನ ಕಣ್ಣು ಮಂಜಾಗಿ, ಗುರಿ ಹಿಡಿಯಲೆಂದು ನಳಿಗೆಯ ತುದಿಯ ಮೇಲಿರುವ ಪುಟ್ಟ ಕಪ್ಪು ಮೊನೆ ಕಾಣದಾದಾಗ, ನೋರೀನ್ ಒಳಗಿಂದ ನೇಲ್ ಪಾಲಿಶ್ ತಂದು ಅದರ ಮೇಲೆ ಒಂದು ಬೊಟ್ಟು ಇಟ್ಟಳು. "ಇನ್ನು ನನ್ನ ಬೆರಳು ತೋರಿಸಿದ ಕಡೆ ಹೊಡಿ" ಅಂದಳು. ಅವತ್ತಿನಿಂದ ಡಬ್ಬಿಗಳು ಉರುಳತೊಡಗಿದವು.

ಈ ಮಾರ್ಚ್ ತಿಂಗಳಲ್ಲಿ ನೋರೀನ್ ತೀರಿಕೊಂಡಳು. ಬೇಸಿಗೆಯಲ್ಲಿ ಪಿಸ್ತೂಲಿನ ಮೇಲ್ಭಾಗ ಬಿರುಕು ಬಿಟ್ಟಿತು. ತಯಾರಿಸಿದವರಿಗೇ ಕಳಿಸಿದ. ಒಳ್ಳೆಯ ಜನ, ಬಿಡಿಗಾಸು ಕೇಳದೆ ಮೇಲ್ಭಾಗವನ್ನೇ ಹೊಸದು ಹಾಕಿ, ಪುಕ್ಕಟೆಯಾಗಿ ಇನ್ನೊಂದು ಮ್ಯಾಗಜಿನ್ ಇಟ್ಟು, 'ಇನ್ನು ಚಿಂತೆ ಬಿಡಿ' ಎಂದು ಕೈಯಲ್ಲಿ ಬರೆದ ಚೀಟಿ ಸೇರಿಸಿ ಕಳಿಸಿದ್ದರು. ಅದರೊಂದಿಗೆ ಆ ಕಪ್ಪು ಮೊನೆಯೂ ಹೊಸದು. ಅದರ ಮೇಲೆ ಏನೂ ಇರಲಿಲ್ಲ.

"ಹಳೇ ಭಾಗ ಕೊಡಿ ಅಂತ ಫೋನ್ ಮಾಡಿದೆ. ಅಂಥದ್ದೆಲ್ಲ ಅವತ್ತವತ್ತೇ ಕರಗಿಸಿಬಿಡ್ತಾರಂತೆ. ಫೋನೆತ್ತಿದ ಹೆಣ್ಣುಮಗಳು ಪಾಪ, ಅತ್ತೇಬಿಟ್ಟಳು. ನಾನೇ ಅವಳನ್ನ ಸಮಾಧಾನ ಮಾಡಬೇಕಾಯ್ತು. ಸರಿ, ನಾನೇ ಹಚ್ಚೋಣ ಅಂತ ಔಷಧಿ ಅಂಗಡಿಗೆ ಹೋದ್ರೆ ಕೆಂಪು ಅನ್ನೋದರಲ್ಲೇ ಮೂವತ್ತು ಸೀಸೆ. ನಿಂತಲ್ಲೇ ಬೆವರಿದೆ ಕಣೋ. ಇದಿರಬಹುದು ಅನ್ನಿಸಿದ ಐದನ್ನ ಹಚ್ಕೊಂಡು ಬಂದೆ."

"ಅಕ್ಕನ ಸೀಸೆ ಮನೇಲಿಲ್ವಾ?"

"ಖಾಲಿ ಆಯ್ತು ಅಂತ ಯಾವತ್ತೋ ಬಿಸಾಕಿದ್ದಾಳೆ. ಫೋಟೋದಲ್ಲಿ ನೋಡೋಣ ಅಂದ್ರೆ ಪ್ರತಿಯೊಂದರಲ್ಲೂ ಅವಳ ಕೈ ಯಾರದೋ ಬೆನ್ನ ಹಿಂದೆ." ಡೆಲ್ಬರ್ಟನ ದನಿ ಇಳಿಯಿತು. "ನಲವತ್ತಾರು ವರ್ಷ ಕಣ್ಣೆದುರೇ ಓಡಾಡಿದ ಕೈ. ಏಳೇ ತಿಂಗಳಿಗೆ ಬಣ್ಣ ಮರೆತೆ. ನಾಳೆ ಅವಳ ದನಿ ಮರೀತೀನಿ. ಹೆದರಿಕೆ ಆಗುತ್ತೆ ರಸ್."

ರಸ್ ಗಿರಾಕಿಗಳಿಬ್ಬರಿಗೂ "ಕಾಫಿ ಕುಡಿದು ಬನ್ನಿ, ಹತ್ತು ನಿಮಿಷ" ಎಂದು ಸಾಗಹಾಕಿ, ಭಾವನನ್ನೂ ಹೊರಡಿಸಿ, ಅಂಗಡಿಗೆ ಬೀಗ ಜಡಿದ. ವ್ಯಾಪಾರದ ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಬಿದ್ದದ್ದು, ಅಕ್ಕನ ಮಣ್ಣಿನ ದಿನ ಬಿಟ್ಟರೆ, ಅದೇ ಮೊದಲು. ಅಂಗಡಿಯ ಹಿಂದೆ ಅವನ ಹಸಿರು ಪಿಕಪ್ ನಿಂತಿತ್ತು, ಮೈತುಂಬ ತುಕ್ಕು. ಚಾಲಕನ ಕಡೆಯ ಬಾಗಿಲು ತೆರೆದು, ಅದರ ಒಳಅಂಚನ್ನು ಹೆಬ್ಬೆರಳಿನಿಂದ ಒರೆಸಿದ. ಬಾಗಿಲು ತೆರೆದಾಗ ಮಾತ್ರ ಕಾಣುವ ಆ ಜಾಗದಲ್ಲಿ ಬಟಾಣಿಯಷ್ಟು ಕೆಂಪು ಇತ್ತು.

"ಒಂದು ದಿನ ಅಕ್ಕ ಗಾಡಿ ಎರವಲು ತಗೊಂಡು ಹೋಗಿ, ಬಾಗಿಲನ್ನ ಕಂಬಕ್ಕೆ ಗುದ್ದಿ ತಂದಳು. ಬಣ್ಣ ಎದ್ದಿತ್ತು. ನಾನು ಕೂಗಾಡಿದೆ. ಪರ್ಸಿನಿಂದ ಸೀಸೆ ತೆಗೆದು ಬಳಿದೇಬಿಟ್ಟಳು. 'ಸುಮ್ಮನಿರೋ, ತುಕ್ಕು ಹಿಡಿಯಲ್ಲ, ಯಾರಿಗೂ ಕಾಣೋದೂ ಇಲ್ಲ' ಅಂದಳು. ಹಸಿರು ಗಾಡಿಗೆ ಕೆಂಪು."

ಡೆಲ್ಬರ್ಟ್ ಮಂಡಿನೋವನ್ನು ಲೆಕ್ಕಿಸದೆ ಜಲ್ಲಿಯ ಮೇಲೆ ಕುಕ್ಕರಿಸಿದ. ರಸ್ ಅವನ ಕೈ ಹಿಡಿದು ಒಂದೊಂದೇ ಬೆರಳನ್ನು ಆ ಬೊಟ್ಟಿನ ಪಕ್ಕಕ್ಕಿಟ್ಟು ನೋಡಿದ. ಹೆಬ್ಬೆರಳು ಅಲ್ಲ. ತೋರುಬೆರಳು ತೀರಾ ಕಡು. ನಡುಬೆರಳು ಗುಲಾಬಿ. ಉಂಗುರದ ಬೆರಳು ಹತ್ತಿರ ಬಂತು, ಆದರೆ ಅಲ್ಲ. ಕಿರುಬೆರಳು ಇಟ್ಟಾಗ ಉಗುರು ಎಲ್ಲಿ ಮುಗಿಯಿತು, ಬೊಟ್ಟು ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. ಡೆಲ್ಬರ್ಟ್ ಕೈ ತೆಗೆಯಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖದ ಮೇಲೆ ನಗುವೂ ಇತ್ತು.

"ಈ ತುಕ್ಕು ಡಬ್ಬಾಕ್ಕೆ ಬಣ್ಣ ಹೊಡೆಸು ಅಂತ ನಿನಗೆ ಎಷ್ಟು ಸಲ ಹೇಳಿದೀನಿ ನಾನು" ಎಂದ.

"ಹೇಳಿದೀಯ" ಎಂದ ರಸ್. "ಏಪ್ರಿಲ್‌ನಲ್ಲಿ ಗ್ಯಾರೇಜಿಗೆ ಬಿಟ್ಟು ಬಂದೂ ಆಗಿತ್ತು ಭಾವ. ಅರ್ಧ ದಾರಿಯಿಂದ ಓಡಿಹೋಗಿ ವಾಪಸ್ ತಂದೆ."